ಇಲ್ಲದ ಮರಳುಗಾಡಿನ ಹಸಿರು

ಇಂದಿನ ಉಪನ್ಯಾಸದ ವಸ್ತು ಯಾವ ಭೂಪಟದಲ್ಲೂ ಸಿಗದ ಒಂದು ಮರಳುಗಾಡು. ಅದರ ಹೆಸರು ಅರಾಕಿಸ್. ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' ಎಂಬ ಕಾದಂಬರಿಯಲ್ಲಿ ಇದು ಒಂದು ಇಡೀ ಗ್ರಹ. ಡ್ಯೂನ್ ಎಂದರೆ ಮರಳುದಿಬ್ಬ. 1965ರಲ್ಲಿ ಪುಸ್ತಕವಾಗಿ ಹೊರಬಂದ ಈ ಕಾದಂಬರಿಯನ್ನು ಓದದವರೂ 1984ರಲ್ಲಿ ಡೇವಿಡ್ ಲಿಂಚ್, 2021 ಮತ್ತು 2024ರಲ್ಲಿ ಡೆನಿ ವಿಲ್ನವ್ ತೆರೆಗೆ ತಂದ ಚಿತ್ರಗಳನ್ನು ನೋಡಿರಬಹುದು. ಚಿತ್ರಗಳಲ್ಲಿ ರಾಜಮನೆತನಗಳ ಹಗೆಯಿದೆ, ಯುದ್ಧವಿದೆ, ರೈಲುಗಾಡಿಯನ್ನೂ ಮೀರಿಸುವ ಹುಳುಗಳಿವೆ. ಆದರೆ ಕಾದಂಬರಿಯ ಕೊನೆಗೆ ಲೇಖಕರು ಜೋಡಿಸಿರುವ ಮೊದಲ ಅನುಬಂಧವನ್ನು ಬಿಡಿಸಿದರೆ ಬೇರೆಯೇ ಒಂದು ಸಾಮಗ್ರಿ ಎದುರಾಗುತ್ತದೆ. ಯಾವ ಗಿಡವನ್ನು ಮೊದಲು ನೆಡಬೇಕು, ಅದು ಬೇರೂರಿದ ಮೇಲೆ ಯಾವುದನ್ನು, ದಿಬ್ಬದ ಯಾವ ಮಗ್ಗುಲಿಗೆ ಯಾವ ಹುಲ್ಲು ಎಂಬ ವಿವರ ಅದು. ಓದುತ್ತಿರುವುದು ಕಾದಂಬರಿಯೋ ಅರಣ್ಯ ಇಲಾಖೆಯ ಕಡತವೋ ಎಂಬ ಅನುಮಾನ ಬರುವಷ್ಟು ಖಚಿತವಾದ ವಿವರ.

ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಕಡಲಿಗೆ, ಬೆಟ್ಟಕ್ಕೆ, ಉದ್ಯಾನಕ್ಕೆ ಸ್ಥಾನವಿದೆ, ಮರುಭೂಮಿಗಿಲ್ಲ. ಕವಿಯ ಉದ್ಯಾನದಲ್ಲಿ ಎಲ್ಲ ಮರಗಳೂ ಒಟ್ಟಿಗೆ ಹೂಬಿಟ್ಟು ನಿಂತಿರುತ್ತವೆ. ಹರ್ಬರ್ಟ್ ಅವರ ಕಲ್ಪನೆ ಈ ಬಗೆಯದಲ್ಲ. ಒಂದು ಗಿಡ ಇನ್ನೊಂದಕ್ಕೆ ಹೇಗೆ ಜಾಗ ಮಾಡಿಕೊಡುತ್ತದೆ ಎಂಬುದೇ ಅವರ ಕುತೂಹಲ.

ಮೊದಲು ಭೂಗೋಳವನ್ನು ನೋಡೋಣ. ಅರಾಕಿಸ್‌ಗೆ ಎರಡು ಚಂದ್ರರು. ಅದು ಕನೋಪಸ್ ನಕ್ಷತ್ರದ ಮೂರನೆಯ ಗ್ರಹ ಎಂದು ಕಾದಂಬರಿ ಹೇಳುತ್ತದೆ. ಕನೋಪಸ್ ಕಲ್ಪನೆಯ ನಕ್ಷತ್ರವಲ್ಲ. ಲುಬ್ಧಕವನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದುದು ಅದೇ. ಚಳಿಗಾಲದ ರಾತ್ರಿಗಳಲ್ಲಿ ತೆಂಕಣ ದಿಗಂತದ ಮೇಲೆ ಕಾಣುವ ನಮ್ಮ ಅಗಸ್ತ್ಯ. ಕಡಲನ್ನೇ ಆಪೋಶನ ಮಾಡಿದ ಋಷಿಯ ಹೆಸರಿನ ನಕ್ಷತ್ರದ ಸುತ್ತ ಒಂದು ಹನಿ ಕಡಲೂ ಇಲ್ಲದ ಗ್ರಹ ಸುತ್ತುತ್ತಿದೆ. ಕಾಕತಾಳೀಯವೇ ಇರಬೇಕು, ಆದರೆ ಸೊಗಸಾದ ಕಾಕತಾಳೀಯ.

ಪುಸ್ತಕದಲ್ಲಿ ಒಂದು ನಕ್ಷೆಯೂ ಇದೆ. ಉತ್ತರ ಧ್ರುವವನ್ನು ನಡುವೆ ಇಟ್ಟು ಬರೆದ ನಕ್ಷೆ. ಜನವಸತಿಯೆಲ್ಲ ಈ ಧ್ರುವದ ಸುತ್ತಣ ಬಂಡೆಸೀಮೆಯಲ್ಲಿ. ರಾಜಧಾನಿ ಅರಾಕೀನ್ ಇರುವ ತಗ್ಗನ್ನು ಒಂದು ಪರ್ವತಶ್ರೇಣಿ ಕೋಟೆಯಂತೆ ಕಾಯುತ್ತದೆ. ಅದರಾಚೆಗೆ ತೆರೆದ ಮರಳು. ಅಲ್ಲಿ ಏಳುವ ಬಿರುಗಾಳಿಗೆ ಗ್ರಹದ ಆವರ್ತನೆಯ ಬಲವೂ ಸೇರಿ ವೇಗ ಗಂಟೆಗೆ 700 ಕಿಲೋಮೀಟರ್ ಮುಟ್ಟುತ್ತದೆ. ಮರಳಿನ ಕಡಲಿಗೆ ಹರ್ಬರ್ಟ್ ಬಳಸುವ 'ಎರ್ಗ್', ಬಯಲಿಗೆ ಬಳಸುವ 'ಬ್ಲೆಡ್', ಉದ್ದನೆಯ ಬಾಗುದಿಬ್ಬಕ್ಕೆ ಬಳಸುವ 'ಸಿಫ್' ಇವೆಲ್ಲ ಉತ್ತರ ಆಫ್ರಿಕ ಮತ್ತು ಅರೇಬಿಯಾದ ಮಾತುಗಳು. ಸಿಫ್ ಎಂದರೆ ಅರಬ್ಬಿಯಲ್ಲಿ ಖಡ್ಗ. ಮರಳಿಗೆ ಇಷ್ಟು ಹೆಸರುಗಳನ್ನು ಕೊಟ್ಟವರು ಅದರ ಮೇಲೆ ಬದುಕಿದವರೇ ಎಂಬುದನ್ನು ಅವರು ಮರೆತಿಲ್ಲ.

ಈ ಗ್ರಹಕ್ಕೆ ಚಕ್ರಾಧಿಪತಿ ಕಳುಹಿಸಿದ ಪರಿಸರ ವಿಜ್ಞಾನಿ ಪಾರ್ಡಾಟ್ ಕೈನ್ಸ್. ಅವನು ಬಂದವನೇ ಉಷ್ಣಾಂಶದ ದಾಖಲೆಗಳನ್ನು ತೆಗೆದು ನೋಡುತ್ತಾನೆ. ಉತ್ತರ ದಕ್ಷಿಣಗಳ 70ನೇ ಅಕ್ಷಾಂಶಗಳ ನಡುವಿನ ವಿಶಾಲ ಪಟ್ಟಿಯಲ್ಲಿ ಬೆಳೆಯ ಕಾಲ ದೀರ್ಘವಾದುದು. ಆಗಿನ ಉಷ್ಣಾಂಶ ನಮ್ಮ ಲೆಕ್ಕದಲ್ಲಿ 11ರಿಂದ 29 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಮಾಗಿಯ ದಿನಗಳ ಹವೆ ಎನ್ನಬಹುದು. ಅಂದರೆ ಅಡ್ಡಿ ಬಿಸಿಲಲ್ಲ, ನೀರು. ಆ ನೀರೂ ಒಮ್ಮೆ ಇತ್ತು ಎಂಬುದಕ್ಕೆ ಉಪ್ಪು ಹೆಪ್ಪುಗಟ್ಟಿದ ಬಯಲುಗಳೇ ಸಾಕ್ಷಿ. ತಗ್ಗುಗಳಲ್ಲಿ ಬಾವಿ ಕೊರೆದರೆ ಮೊದಲು ತುಸು ನೀರು ಜಿನುಗುತ್ತದೆ, ಆಮೇಲೆ ನಿಂತುಹೋಗುತ್ತದೆ, ಮತ್ತೆಂದೂ ಬರುವುದಿಲ್ಲ. ಕೋಲಾರದ ರೈತನಿಗೆ ಇದರಲ್ಲಿ ಹೊಸದೇನೂ ಕಾಣದು. ಕೈನ್ಸ್‌ಗೆ ಮಾತ್ರ ಅನುಮಾನ ಹುಟ್ಟುತ್ತದೆ: ನೀರು ಬತ್ತುತ್ತಿಲ್ಲ, ಯಾವುದೋ ಅದನ್ನು ತಡೆದು ನಿಲ್ಲಿಸುತ್ತಿದೆ.

ಆ ಮರಳಿನಲ್ಲಿ ಬದುಕುವ ಫ್ರೆಮನ್ ಜನ ನೀರಿನ ವಿಷಯದಲ್ಲಿ ಕಡುಜಿಪುಣರು. ಬೆವರು, ಉಸಿರಿನ ತೇವ, ಮಲಮೂತ್ರ ಎಲ್ಲವನ್ನೂ ಸೋಸಿ ಮತ್ತೆ ಕುಡಿಯಲು ಕೊಡುವ ಉಡುಪನ್ನು ತೊಡುತ್ತಾರೆ. ಒಬ್ಬರ ಮುಂದೆ ಉಗುಳುವುದು ಅವರಲ್ಲಿ ಗೌರವದ ಸೂಚನೆ, ಏಕೆಂದರೆ ಮೈಯ ನೀರನ್ನೇ ಅರ್ಪಿಸಿದಂತಾಯಿತು. ಸತ್ತವನ ನೀರು ಕುಲಕ್ಕೆ ಸೇರುತ್ತದೆ. ಗಿಡಗಳಿಗೆ ಅವರು ನೀರು ಹೊಂದಿಸುವ ಉಪಾಯ ಇನ್ನೂ ಸ್ವಾರಸ್ಯದ್ದು. ಮೊಟ್ಟೆಯಾಕಾರದ, ನಾಲ್ಕು ಸೆಂಟಿಮೀಟರ್ ಉದ್ದದ ಸಣ್ಣ ಗುಂಡುಗಳು. ಬೆಳಕಿನಲ್ಲಿ ಬೆಳ್ಳಗಾಗುವ, ಕತ್ತಲಲ್ಲಿ ಪಾರದರ್ಶಕವಾಗುವ ಪದಾರ್ಥದಿಂದ ಮಾಡಿದವು. ರಾತ್ರಿ ತಮ್ಮ ಶಾಖವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುವುದರಿಂದ ನಸುಕಿನ ಇಬ್ಬನಿ ಅವುಗಳ ಮೇಲೆ ಕೂಡುತ್ತದೆ. ಗಿಡದ ಪಾತಿಗೆ ಇವನ್ನು ಹಾಸಿದರೆ ದಿನಕ್ಕಿಷ್ಟು ತೇವ ಖಾತ್ರಿ. ಇಂಥ ಗುಂಡು ಯಾವ ಅಂಗಡಿಯಲ್ಲೂ ಸಿಗದು, ಆದರೆ ಅದರ ಹಿಂದಿನ ಭೌತಶಾಸ್ತ್ರ ಅಪ್ಪಟವಾದದ್ದು. ಆಫ್ರಿಕದ ನಮೀಬ್ ಮರುಭೂಮಿಯಲ್ಲಿ ಕೆಲವು ಜೀರುಂಡೆಗಳು ಮಂಜು ಕವಿದ ಮುಂಜಾವದಲ್ಲಿ ತಲೆ ಕೆಳಗೆ, ಬೆನ್ನು ಮೇಲೆ ಮಾಡಿ ನಿಲ್ಲುತ್ತವೆ. ಬೆನ್ನಿನ ಮೇಲೆ ಕೂಡಿದ ಹನಿ ಇಳಿದು ನೇರ ಬಾಯಿಗೆ ಬರುತ್ತದೆ.

ಇನ್ನು ಗಿಡಗಳ ಸರದಿ. ಮೊದಲು ಹುಲ್ಲು. ಗಾಳಿಗೆ ಅಡ್ಡಲಾಗಿ ಮಲಗಿರುವ ಹಳೆಯ ದಿಬ್ಬಗಳ ಮರೆಯ ಮಗ್ಗುಲಲ್ಲಿ, ಅಂದರೆ ಮರಳು ಜಾರಿ ಬೀಳುವ ಕಡೆ, ಬಡ ನೆಲದಲ್ಲೂ ಬದುಕುವ ಹುಲ್ಲನ್ನು ನೆಡುತ್ತಾರೆ. ಆ ಮಗ್ಗುಲು ಭದ್ರವಾದರೆ ದಿಬ್ಬ ಮುಂದೆ ಸರಿಯಲಾರದು. ಗಾಳಿ ತಂದು ಸುರಿಯುವ ಮರಳಿನಿಂದ ಅದು ಎತ್ತರಕ್ಕೆ ಬೆಳೆಯುತ್ತದೆ, ಹುಲ್ಲೂ ಜೊತೆಜೊತೆಗೆ ಮೇಲೇರುತ್ತದೆ. ಹೀಗೆ 1,500 ಮೀಟರಿಗೂ ಮಿಕ್ಕಿದ ದಿಬ್ಬಗಳು ಏಳುತ್ತವೆ. ಅನಂತರ ಗಾಳಿಗೆ ಮುಖಮಾಡಿದ ಮಗ್ಗುಲಿಗೆ ಒರಟು ಜಾತಿಯ ಕತ್ತಿಹುಲ್ಲು. ದಿಬ್ಬ ಕಟ್ಟಿಬಿದ್ದ ಮೇಲೆ ಚಕ್ಕೋತ ಸೊಪ್ಪಿನ ಬಳಗದ, ದಂಟಿನ ಸೊಪ್ಪಿನ ಬಳಗದ ಅಲ್ಪಾಯುಷಿ ಗಿಡಗಳು. ಆಮೇಲೆ ಸ್ಕಾಚ್ ಬ್ರೂಮ್ ಎಂಬ ಹಳದಿ ಹೂವಿನ ಪೊರಕೆಗಿಡ, ಕುಳ್ಳು ಲೂಪಿನ್, ನೀಲಗಿರಿಯ ಒಂದು ಬಳ್ಳಿಜಾತಿ, ಟಮರಿಸ್ಕ್, ಕಡಲತೀರದ ಪೈನ್. ಆಮೇಲಷ್ಟೇ ನಿಜವಾದ ಮರುಭೂಮಿಯ ಸಸ್ಯಗಳು: ಸಗ್ವಾರೊ ಎಂಬ ಕಂಬದಂಥ ಕಳ್ಳಿ, ಪೀಪಾಯಿಯಂಥ ಕಳ್ಳಿ, ಕಾಡು ಕುದುರೆಮಸಾಲೆ, ಕ್ರಿಯೋಸೋಟ್ ಪೊದೆ. ಅವುಗಳ ಹಿಂದೆ ಬಿಲ ತೋಡಿ ಮಣ್ಣಿಗೆ ಗಾಳಿಯಾಡಿಸುವ ಇಲಿ, ಮೊಲ, ನರಿ. ಅವುಗಳನ್ನು ಹದ್ದಿನಲ್ಲಿಡಲು ಡೇಗೆ, ಗೂಬೆ. ಸಂದುಗೊಂದು ತುಂಬಲು ಚೇಳು, ಜೇಡ, ಕಣಜ, ಬಾವಲಿ. ಕಟ್ಟಕಡೆಗೆ ಮನುಷ್ಯನಿಗೆ ಬೇಕಾದವು: ಖರ್ಜೂರ, ಹತ್ತಿ, ಕರಬೂಜ, ಕಾಫಿ, ಔಷಧಿ ಗಿಡಗಳು.

ಸಸ್ಯಶಾಸ್ತ್ರಜ್ಞರು ಇಲ್ಲಿ ಒಂದು ತಕರಾರು ತೆಗೆಯಬಹುದು. ಸಗ್ವಾರೊ ಅಮೆರಿಕದ ಸೊನೋರಾ ಮರುಭೂಮಿಯದು. ಅದರ ಎಳೆಯ ಸಸಿ ಬಿಸಿಲಿಗೆ ಬಾಡದೆ ಉಳಿಯಬೇಕಾದರೆ ಯಾವುದಾದರೂ ಪೊದೆಯ ನೆರಳು ಬೇಕು. ಹರ್ಬರ್ಟ್ ಮರುಭೂಮಿಯ ಪೊದೆಗಳಿಗೂ ಮುಂಚೆ ಅದನ್ನು ನೆಡಿಸಿದ್ದಾರೆ. ಇರಲಿ. ಎಷ್ಟು ಕಾಲ ಬೇಕು ಎಂದು ಫ್ರೆಮನ್ನರು ಕೇಳಿದಾಗ ಕೈನ್ಸ್ 300ರಿಂದ 500 ವರ್ಷ ಎನ್ನುತ್ತಾನೆ. ಅವರು ಬೆಚ್ಚುವುದಿಲ್ಲ, ಗುದ್ದಲಿ ಹಿಡಿಯುತ್ತಾರೆ.

ಒಬ್ಬ ಪತ್ರಕರ್ತನಿಗೆ ಈ ಪಟ್ಟಿ ಸಿಕ್ಕಿದ್ದಾದರೂ ಎಲ್ಲಿ? ಹರ್ಬರ್ಟ್ ಕಸುಬಿನಿಂದ ಪತ್ರಕರ್ತರೇ. 1957ರಲ್ಲಿ ಅವರು ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಊರಿಗೆ ಹೋದರು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 64 ಕಿಲೋಮೀಟರ್ ಉದ್ದಕ್ಕೆ ಕಡಲಂಚಿನಲ್ಲಿ ಮರಳುದಿಬ್ಬಗಳ ಸಾಲು. ಗಾಳಿ ಬೀಸಿದಂತೆ ಮರಳ ಕಣಗಳು ಕುಪ್ಪಳಿಸುತ್ತ ದಿಬ್ಬವನ್ನು ಹತ್ತುತ್ತವೆ, ನೆತ್ತಿಯಿಂದ ಆಚೆಗೆ ಜಾರುತ್ತವೆ. ದಿಬ್ಬ ಹೀಗೆ ಅಡಿ ಅಡಿಯಾಗಿ ನಡೆಯುತ್ತ ರಸ್ತೆ, ಮನೆ, ನದಿಯ ಮುಖವನ್ನೆಲ್ಲ ನುಂಗುತ್ತಿತ್ತು. ಅದನ್ನು ತಡೆಯಲು ಸರ್ಕಾರದ ಕೃಷಿ ಇಲಾಖೆ ಯೂರೋಪಿನ ಕಡಲತೀರದ ಹುಲ್ಲನ್ನು ನೆಡಿಸಿತ್ತು. ಈ ಹುಲ್ಲಿನ ಗುಣ ವಿಚಿತ್ರ. ಮರಳು ಮೇಲೆ ಬಿದ್ದಷ್ಟೂ ಅದಕ್ಕೆ ಹುರುಪು. ಹೂತುಹೋದ ಕಾಂಡದಿಂದಲೇ ಮತ್ತೆ ಚಿಗುರಿ ಮೇಲೆ ಬರುತ್ತದೆ, ಅಡ್ಡಬೇರುಗಳ ಬಲೆಯಲ್ಲಿ ಮರಳನ್ನು ಕಟ್ಟಿಹಾಕುತ್ತದೆ. ಹುಲ್ಲು ಹಿಡಿದ ಮೇಲೆ ಒರೆಗಾನ್ ದಿಬ್ಬಗಳಲ್ಲಿ ಮುಂದಿನ ಸರದಿಯಾಗಿ ನೆಟ್ಟವುಗಳಲ್ಲಿ ಸ್ಕಾಚ್ ಬ್ರೂಮ್ ಇತ್ತು, ತೀರದ ಪೈನ್ ಇತ್ತು. ಅರಾಕಿಸ್ ಪಟ್ಟಿಯ ಮೊದಲರ್ಧದ ಮೂಲ ಇದು.

ಹರ್ಬರ್ಟ್ ಪುಟ್ಟ ವಿಮಾನವೊಂದರಲ್ಲಿ ಕುಳಿತು ದಿಬ್ಬಗಳನ್ನು ಮೇಲಿನಿಂದ ನೋಡಿದರು, ಹುಲ್ಲಿನ ಸಾಹಸದ ಬಗ್ಗೆ ಒಂದು ಲೇಖನ ಬರೆಯಲು ಹೊರಟರು. ಆ ಲೇಖನ ಅಚ್ಚಾಗಲೇ ಇಲ್ಲ. ಅದಕ್ಕಾಗಿ ಕೂಡಿಹಾಕಿದ ಓದು ಬೆಳೆಯುತ್ತ ಹೋಗಿ 1963ರ ಕೊನೆಯಿಂದ 'ಅನಲಾಗ್' ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಪುಸ್ತಕ ಮಾಡಲು ಅನೇಕ ಪ್ರಕಾಶಕರು ಒಲ್ಲೆನೆಂದರು. ಕೊನೆಗೆ ಒಪ್ಪಿಕೊಂಡದ್ದು ಮೋಟಾರು ದುರಸ್ತಿ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆ. ಕಾದಂಬರಿಯ ಅರ್ಪಣೆ ಒಣಭೂಮಿಯ ಪರಿಸರ ವಿಜ್ಞಾನಿಗಳಿಗೆ.

ಇಷ್ಟೇ ಆಗಿದ್ದರೆ 'ಡ್ಯೂನ್' ವನಮಹೋತ್ಸವದ ಕಥೆಯಾಗಿ ಮುಗಿಯುತ್ತಿತ್ತು. ಹರ್ಬರ್ಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಅರಾಕಿಸ್‌ನ ನೀರನ್ನು ತಡೆದಿಟ್ಟಿರುವುದು ಅಲ್ಲಿಯ ಒಂದು ಜೀವಿ. ದೈತ್ಯ ಹುಳುವಿನ ಮರಿ. ನೆಲದಾಳದಲ್ಲಿ ನೀರನ್ನು ಸುತ್ತುಗಟ್ಟಿ ಬಚ್ಚಿಡುವುದು ಅದರ ಕೆಲಸ, ಏಕೆಂದರೆ ಬೆಳೆದ ಹುಳುವಿಗೆ ನೀರು ವಿಷ. ಬಚ್ಚಿಟ್ಟ ನೀರಿನೊಡನೆ ಮರಿಗಳ ವಿಸರ್ಜನೆ ಬೆರೆತು ಹುಳಿಯುತ್ತದೆ, ಅನಿಲ ತುಂಬಿ ಒಂದು ದಿನ ಸಿಡಿಯುತ್ತದೆ. ಮೇಲೆ ಬಂದ ರಾಶಿ ಬಿಸಿಲಿಗೆ ಬೆಂದರೆ ಅದೇ ಮೆಲಾಂಜ್ ಎಂಬ ಮಸಾಲೆ, ಇಡೀ ಸಾಮ್ರಾಜ್ಯವೇ ಕಾದಾಡುವ ವಸ್ತು. ಗಾಳಿಯ ಆಮ್ಲಜನಕವೂ ಈ ಹುಳುಗಳಿಂದಲೇ. ಹೀಗಾಗಿ ಅಲ್ಲಿಯ ಮರಳುಗಾಡು ಪಾಳುಬಿದ್ದ ಭೂಮಿಯಲ್ಲ. ಅದೂ ಒಂದು ತುಂಬಿದ ಸಂಸಾರ. ಅದಕ್ಕೆ ನೀರುಣಿಸುವುದೆಂದರೆ ಆ ಸಂಸಾರಕ್ಕೆ ವಿಷವುಣಿಸಿದಂತೆ. ಫ್ರೆಮನ್ನರು ದಕ್ಷಿಣದ ತಮ್ಮ ತೋಪುಗಳು ಆಕಾಶದಿಂದ ಯಾರ ಕಣ್ಣಿಗೂ ಬೀಳದಿರಲೆಂದು ಅಂತರಿಕ್ಷ ಸಾರಿಗೆಯ ಸಂಘಕ್ಕೆ ಲಂಚ ಕೊಡುತ್ತಾರೆ. ಲಂಚ ಕೊಡುವುದು ಮಸಾಲೆಯ ರೂಪದಲ್ಲಿ. ಹುಳು ಹುಟ್ಟಿಸಿದ ಐಶ್ವರ್ಯವೇ ಹುಳುವಿನ ನಾಶಕ್ಕೆ ಬಂಡವಾಳ.

ಪಾರ್ಡಾಟ್‌ನ ಮಗ ಲೀಯಟ್ ಕೈನ್ಸ್ ಕೂಡ ಪರಿಸರ ವಿಜ್ಞಾನಿ. ವೈರಿಗಳು ಅವನ ಉಡುಪು ಕಿತ್ತುಕೊಂಡು ಮರಳಿನಲ್ಲಿ ಬಿಟ್ಟುಹೋಗುತ್ತಾರೆ. ಸತ್ತ ತಂದೆ ಪಕ್ಕದಲ್ಲೇ ನಿಂತು ಪಾಠ ಹೇಳುತ್ತಿರುವಂತೆ ಅವನಿಗೆ ಭ್ರಮೆ. ತಾನು ಬಿದ್ದಿರುವುದು ಸಿಡಿಯಲಿರುವ ಮಸಾಲೆಯ ಗುಳ್ಳೆಯ ಮೇಲೆ ಎಂಬುದು ಅವನಿಗೆ ಗೊತ್ತಾಗುತ್ತದೆ, ಏಳಲು ಮೈಯಲ್ಲಿ ತ್ರಾಣವಿಲ್ಲ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಸತ್ವಶಾಲಿಯಾದ ಅಧ್ಯಾಯ ಇನ್ನೊಂದಿಲ್ಲ. ಯುದ್ಧದ ಪುಟಗಳು ಇದರ ಮುಂದೆ ಸಪ್ಪೆ. 1976ರ 'ಚಿಲ್ಡ್ರನ್ ಆಫ್ ಡ್ಯೂನ್' ಹೊತ್ತಿಗೆ ಹಸಿರು ಹಬ್ಬಿ ಹುಳುಗಳು ಕ್ಷೀಣಿಸತೊಡಗುತ್ತವೆ. 1981ರ 'ಗಾಡ್ ಎಂಪರರ್ ಆಫ್ ಡ್ಯೂನ್'ನಲ್ಲಿ ಮರಳುಗಾಡು ಬೇಲಿ ಹಾಕಿ ಉಳಿಸಿಕೊಂಡ ಒಂದು ತುಣುಕು. ಫ್ರೆಮನ್ನರು ಅರ್ಥ ಮರೆತ ಆಚಾರಗಳನ್ನು ನಟಿಸಿ ತೋರಿಸುವ ವಸ್ತುಸಂಗ್ರಹಾಲಯದ ಜನ. ಬಾವಿ ತುಂಬಿದ ಊರಿನಲ್ಲಿ ಉಗುಳಿಗೆ ಯಾವ ಗೌರವ?

ಕಲ್ಪನೆಯಾಚೆಗೂ ಹೀಗಾದದ್ದುಂಟು. ಮೆಕ್ಸಿಕೊ ಕಡೆಯ ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಮುಳ್ಳುಮರವನ್ನು ಥಾರ್ ಮರುಭೂಮಿಗೆ ಹಸಿರು ಹೊದಿಸಲೆಂದು ತಂದರು; 1940ರಲ್ಲಿ ಮಾರವಾಡ ಸಂಸ್ಥಾನ ಅದಕ್ಕೆ ರಾಜವೃಕ್ಷದ ಪಟ್ಟ ಕಟ್ಟಿತು. 1960ರ ದಶಕದಲ್ಲಿ ಕಛ್‌ನ ರಣದ ಉಪ್ಪು ಮುಂದೊತ್ತದಂತೆ ಬನ್ನಿ ಹುಲ್ಲುಗಾವಲಿನ ಅಂಚಿನಲ್ಲಿ ಅದನ್ನೇ ನೆಟ್ಟರು. ದನಗಳು ಕಾಯಿ ತಿಂದು ಬೀಜ ಹರಡಿದವು. ಮರ ಹುಲ್ಲುಗಾವಲನ್ನೇ ಆಕ್ರಮಿಸಿತು. ಅಲ್ಲಿಯ ಜನ ಅದನ್ನು 'ಗಾಂಡೊ ಬಾವಳ' ಎನ್ನುತ್ತಾರೆ, ಹುಚ್ಚುಜಾಲಿ. ನಮ್ಮಲ್ಲಿ ಅದರ ಹೆಸರು ಬಳ್ಳಾರಿ ಜಾಲಿ. ಬಡವರ ಒಲೆಗೆ ಸೌದೆ ಕೊಟ್ಟದ್ದೂ ಅದೇ, ಕೆರೆಯಂಗಳಗಳನ್ನು ನುಂಗಿದ್ದೂ ಅದೇ ಎಂಬುದರಿಂದ ಅದನ್ನು ಸಲೀಸಾಗಿ ಬೈದು ಮುಗಿಸುವಂತಿಲ್ಲ.

ಒರೆಗಾನ್‌ನಲ್ಲಿ ಏನಾಯಿತು? ನೆಟ್ಟ ಹುಲ್ಲು ಕಡಲಂಚಿನಲ್ಲಿ ಉದ್ದಕ್ಕೂ ಒಂದು ಗೋಡೆದಿಬ್ಬವನ್ನು ಎಬ್ಬಿಸಿತು. ಸಮುದ್ರದಿಂದ ಒಳನಾಡಿಗೆ ಹೊಸ ಮರಳು ಬರುವುದು ನಿಂತಿತು. ಗೋಡೆಯ ಹಿಂದಿನ ನೆಲವನ್ನು ಗಾಳಿ ಅಂತರ್ಜಲದ ಮಟ್ಟದವರೆಗೆ ಕೊರೆದು ಹಾಕಿತು. ಅಲ್ಲಿ ಜೌಗಾಗಿ ಪೊದೆ, ಪೈನ್ ಬೆಳೆದವು. 1972ರಲ್ಲಿ ರಾಷ್ಟ್ರೀಯ ವಿಹಾರತಾಣವೆಂದು ಘೋಷಿಸಿದ ದಿಬ್ಬಗಳು ನೋಡನೋಡುತ್ತ ಕಾಡಾಗತೊಡಗಿದವು. ಬರಿಯ ಮರಳಿನ ಮೇಲೆ ಮೊಟ್ಟೆಯಿಡುವ ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿಗೆ ಜಾಗ ಇಲ್ಲವಾಯಿತು. 1993ರಲ್ಲಿ ಅಮೆರಿಕ ಸರ್ಕಾರ ಪೆಸಿಫಿಕ್ ತೀರದ ಈ ಹಕ್ಕಿಯನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಹರ್ಬರ್ಟ್ 1986ರಲ್ಲೇ ತೀರಿಕೊಂಡಿದ್ದರು.

ಈಗ ಅದೇ ತೀರದಲ್ಲಿ ಬುಲ್ಡೋಜರುಗಳು ಹುಲ್ಲನ್ನು ಕಿತ್ತು ಮರಳನ್ನು ಬಯಲಿಗೆ ತರುತ್ತಿವೆ. ಸ್ವಯಂಸೇವಕರು ಸ್ಕಾಚ್ ಬ್ರೂಮ್ ಗಿಡಗಳನ್ನು ಬೇರುಸಹಿತ ಕೀಳುತ್ತಿದ್ದಾರೆ. ಆ ಗಿಡ ಇಂದು ಒರೆಗಾನ್ ರಾಜ್ಯದ ಹಾನಿಕರ ಕಳೆಗಳ ಅಧಿಕೃತ ಪಟ್ಟಿಯಲ್ಲಿದೆ. ಕಿತ್ತ ಜಾಗಕ್ಕೆ ವರ್ಷ ವರ್ಷವೂ ಮರಳಿ ಹೋಗಬೇಕಾಗುತ್ತದೆ. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದುಕೊಂಡು ಕಾದಿರುತ್ತದೆ.