ಹಾಯಿಹಲಗೆಯ ಮೊದಲ ಪಾಠ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಗೋವೆಯ ಕನ್ನಡಿಗರಾದ ನಮ್ಮಲ್ಲಿ ಬಹುಮಂದಿಯ ಹಿರಿಯರು ವಿಜಾಪುರ, ಬಾಗಲಕೋಟೆ, ಗದಗ ಸೀಮೆಗಳಿಂದ ಬಂದವರು. ಅವರು ಗಾಳಿಯ ಗುಣವನ್ನು ಅರಿತದ್ದು ಕಣದಲ್ಲಿ ರಾಶಿ ತೂರುವಾಗಲೇ ಹೊರತು ಕಡಲಿನ ಮೇಲಲ್ಲ. ಆದಕಾರಣ ಇಂದಿನ ಮಕ್ಕಳು ವಿಂಡ್‌ಸರ್ಫಿಂಗ್, ಎಂದರೆ ಹಾಯಿಹಲಗೆಯ ಆಟವನ್ನು ಕಲಿಯುವೆವೆಂದಾಗ ತಾಯಂದಿರ ಎದೆ ಝಲ್ಲೆನ್ನುವುದು ಸಹಜವೇ. ಆ ಭಯವನ್ನು ನಾವು ಹಳಿಯುವುದಿಲ್ಲ. ಯಾವುದಕ್ಕೆ ಹೆದರಬೇಕೆಂಬುದನ್ನು ಅರಿತು ಹೆದರಿದರೆ ಒಳಿತು. ಅದಕ್ಕಾಗಿಯೇ ಈ ನಾಲ್ಕು ಮಾತು.

ಈ ಆಟದ ಜೀವವೆಲ್ಲ ಒಂದು ಕೀಲಿನಲ್ಲಿದೆ. ಹಾಯಿದೋಣಿಯಲ್ಲಿ ಕಂಬವು ಸ್ಥಿರವಾಗಿ ನಿಂತಿರುತ್ತದೆ, ತಿರುಗಿಸಲು ಚುಕ್ಕಾಣಿಯಿರುತ್ತದೆ. ಹಾಯಿಹಲಗೆಗೆ ಚುಕ್ಕಾಣಿಯೇ ಇಲ್ಲ. ಕಂಬದ ಬುಡದ ಕೀಲು ಎಲ್ಲ ದಿಕ್ಕಿಗೂ ಬಾಗುವುದರಿಂದ ಸವಾರನೇ ಕಂಬವನ್ನು ಎತ್ತಿ ಹಿಡಿಯಬೇಕು, ಅದನ್ನು ವಾಲಿಸಿಯೇ ದಾರಿ ಬದಲಿಸಬೇಕು. ಅಮೆರಿಕದ ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಎಂಬವರು 1968ರಲ್ಲಿ ಇದಕ್ಕೆ ಪೇಟೆಂಟ್ ಕೋರಿದರು. ಆದರೆ ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ 1958ರಲ್ಲಿಯೇ ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ ಕೈಯಾರೆ ಇಂತಹುದೊಂದನ್ನು ಮಾಡಿ ಆಡಿದ್ದ. ಬಾಲಕನ ಆ ಆಟವನ್ನು ಗಣಿಸಿ ಅಲ್ಲಿಯ ನ್ಯಾಯಾಲಯ ಆ ಪೇಟೆಂಟು ತಮ್ಮ ದೇಶದಲ್ಲಿ ಸಲ್ಲದೆಂದು ತೀರ್ಪಿತ್ತಿತು! ವಿದ್ಯಾರ್ಥಿ ಮಿತ್ರರು ಇದನ್ನು ಗಮನಿಸಬೇಕು. 1984ರಲ್ಲಿ ಈ ಆಟ ಒಲಿಂಪಿಕ್ ಕೂಟವನ್ನು ಸೇರಿತು. 2023ರಲ್ಲಿ ಚೀನದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಇಬಾದ್ ಅಲಿ ಇದರಲ್ಲಿ ಕಂಚಿನ ಪದಕ ಗಳಿಸಿದರು.

ಮೊದಲ ಪಾಠ ನಡೆಯುವುದು ಮರಳಿನ ಮೇಲೆ. ಹಾಯಿಯ ಅಂಚಿನಲ್ಲಿ ಉದ್ದಕ್ಕೂ ಹೊಲಿದ ಚೀಲದೊಳಕ್ಕೆ ಕಂಬವನ್ನು ತೂರಿಸಬೇಕು. ಬಳಿಕ ಬೂಮ್ ಎಂಬ ಹಿಡಿಗೋಲನ್ನು ಕಲಿಯುವವನ ಭುಜದ ಮಟ್ಟಕ್ಕೆ ಕಂಬಕ್ಕೆ ಬಿಗಿಯಬೇಕು. ಕೆಳಕ್ಕೆ ಜಗ್ಗುವ ಹಗ್ಗವನ್ನು ಮೊದಲು, ಅದೂ ಬಲವಾಗಿ ಎಳೆಯಬೇಕು. ಹಿಂದಕ್ಕೆ ಎಳೆಯುವ ಹಗ್ಗವನ್ನು ಅನಂತರ, ಹಗುರವಾಗಿ. ಈ ಕ್ರಮ ತಪ್ಪಿದರೆ ಹಾಯಿ ಸುಕ್ಕುಗಟ್ಟಿ ಗಾಳಿಗೆ ಹೊಯ್ದಾಡುವುದು. ಹಲಗೆ ಅಗಲವಾಗಿರಲಿ. ದೊಡ್ಡವರಿಗೆ ಸುಮಾರು 200 ಲೀಟರಿನ ಹಲಗೆ ತಕ್ಕುದು. ಮಕ್ಕಳ ಹಾಯಿ 3 ಚದರ ಮೀಟರಿಗಿಂತ ಚಿಕ್ಕದಿದ್ದರೂ ಸಾಕು. ತೇಲು ಅಂಗಿಯಿಲ್ಲದೆ ಯಾರನ್ನೂ ನೀರಿಗಿಳಿಸತಕ್ಕದ್ದಲ್ಲ.

ನೀರಿನಲ್ಲಿ ಕಂಬದ ಎರಡು ಬದಿಗೆ ಕಾಲಿಟ್ಟು, ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ ಹಗ್ಗದಿಂದ ಹಾಯಿಯನ್ನು ಎತ್ತಬೇಕು. ಭಾರವನ್ನು ತೊಡೆಗಳು ಹೊರಲಿ, ಸೊಂಟವಲ್ಲ. ಹೊಸಬರು ಅವಸರಪಟ್ಟು ಎಳೆದು ಹಿಂದಕ್ಕೆ ಬೀಳುತ್ತಾರೆ. ಹಾಯಿಯ ಮೇಲಿನ ನೀರು ಸೋರಿಹೋಗಲು ಎರಡು ಗಳಿಗೆ ಕಾದರೆ ಅದು ತಾನೇ ಹಗುರಾಗುವುದು. ಬಳಿಕ ಮುಂಗೈಯಿಂದ ಬೂಮ್ ಹಿಡಿದು, ಹಿಂಗಾಲನ್ನು ಹಿಂದೆ ಸರಿಸಿ, ಹಿಂಗೈಯಿಂದ ಹಾಯಿಯನ್ನು ಮೆಲ್ಲನೆ ಒಳಕ್ಕೆ ಸೆಳೆದರೆ ಹಲಗೆ ಹೊರಡುತ್ತದೆ. ಗಾಬರಿಯಾದರೆ ಹಿಂಗೈಯನ್ನು ಬಿಟ್ಟರೆ ಸಾಕು, ನಿಲ್ಲುತ್ತದೆ.

ತಿರುಗುವ ಬಗೆಯನ್ನು ಕಣದ ಮೇಟಿಯಿಂದ ತಿಳಿಯಬಹುದು. ಹಲಗೆಯ ನಡುವೆ ನೀರಿಗಿಳಿದಿರುವ ಪಟ್ಟಿಯೇ ಇಲ್ಲಿಯ ಮೇಟಿ. ಕಂಬವನ್ನು ಹಿಂದಕ್ಕೆ ವಾಲಿಸಿದರೆ ಗಾಳಿಯ ಒತ್ತಡ ಮೇಟಿಯ ಹಿಂದೆ ಬಿದ್ದು ಹಲಗೆಯ ಹಿಂತುದಿಯನ್ನು ದೂಡುತ್ತದೆ. ಮುಂತುದಿ ಗಾಳಿಯತ್ತ ಹೊರಳುತ್ತದೆ. ಮುಂದಕ್ಕೆ ವಾಲಿಸಿದರೆ ಇದಕ್ಕೆ ವಿಪರೀತ. ನೇರವಾಗಿ ಗಾಳಿಗೆ ಎದುರು ಹೋಗಲು ಯಾರಿಂದಲೂ ಆಗದು, ಓರೆಯಾಗಿ ಅತ್ತಿತ್ತ ಸಾಗಿಯೇ ಮೇಲೇರಬೇಕು. ಹೊಸಬನಿಗೆ ಇದೇ ಕಠಿಣವಾದ ಭಾಗ, ಅಪಾಯವಿರುವುದೂ ಇಲ್ಲಿಯೇ.

ನಾವು ಕಲಿಯತೊಡಗಿದ್ದು ನಲವತ್ತು ದಾಟಿದ ಮೇಲೆ. ಒಂದು ಬೆಳಗ್ಗೆ ಕಡಲು ತಟ್ಟೆಯಂತೆ ಶಾಂತವಾಗಿತ್ತು. ಯಾರಿಗೂ ಹೇಳದೆ ಹೊರಟೆವು. ಹತ್ತು ನಿಮಿಷ ಸುಖವಾಗಿ ಸಾಗಿ ಹಿಂದಿರುಗಿ ನೋಡಿದರೆ ದಡದ ತೆಂಗುಗಳು ಗೇಣುದ್ದವಾಗಿದ್ದವು! ರಾತ್ರಿ ನೆಲವು ಕಡಲಿಗಿಂತ ಬೇಗ ತಣ್ಣಗಾಗುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ಮರೆಯಲ್ಲಿ ಅಲೆಯೇಳದ ಕಾರಣ ನೀರು ಸೌಮ್ಯವಾಗಿ ತೋರುತ್ತದೆ. ಹೊರಗೆ ಹೋದಷ್ಟೂ ಗಾಳಿ ಬಲಿಯುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಸಂಗತಿ ಆ ಹೊತ್ತಿನಲ್ಲಿ ನಮಗೆ ನೆನಪಾಗಲಿಲ್ಲ. ಹಾಯಿ ಎತ್ತಿ ಎತ್ತಿ ತೋಳು ಸೋತವು. ಈಜಿ ದಡ ಸೇರೋಣವೇ ಎಂಬ ಆಲೋಚನೆಯೂ ಬಂದಿತು. ಪುಣ್ಯಕ್ಕೆ ಹಾಗೆ ಮಾಡಲಿಲ್ಲ. ಹಾಯಿಯನ್ನು ಹಲಗೆಯ ಮೇಲೆ ಮಲಗಿಸಿ, ಮೊಣಕಾಲೂರಿ ಕುಳಿತು, ಎರಡು ತೋಳುಗಳನ್ನು ಮೇಲೆ ಕೆಳಗೆ ಬೀಸುತ್ತ ಉಳಿದೆವು. ಮೀನುಗಾರರೊಬ್ಬರು ಕಂಡು ದೋಣಿಗೆ ಕಟ್ಟಿ ಎಳೆತಂದರು. "ನೀರಲ್ಲಿ ಬರಿಯ ತಲೆ ಮಾತ್ರ ಇದ್ದಿದ್ದರೆ ನಾನು ಕಾಣುತ್ತಿರಲಿಲ್ಲ," ಎಂದು ಅವರು ಕೊಂಕಣಿಯಲ್ಲಿ ಹೇಳಿದರು.

ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳನ್ನು ಕಳುಹಿಸುವ ಮುನ್ನ ಜೊತೆಗೆ ರಕ್ಷಣಾ ದೋಣಿಯಿದೆಯೇ ಎಂದು ಕೇಳಿರಿ. ಏನಾದರೂ ಹಲಗೆಯನ್ನು ಬಿಡಕೂಡದೆಂದು ಹೇಳಿಕೊಡಿರಿ. ಮಳೆಗಾಲದಲ್ಲಿ ಈ ಮಾತನ್ನೇ ಎತ್ತಬೇಡಿರಿ. ಹೊಸಬರಿಗೆ ಗಂಟೆಗೆ 10ರಿಂದ 18 ಕಿಲೋಮೀಟರಿನ ಗಾಳಿ, ಅದೂ ಕಡಲಿನಿಂದ ಓರೆಯಾಗಿ ದಡಕ್ಕೆ ಬೀಸುವುದು ಯೋಗ್ಯ.

ಈಗಲೂ ನಾವು ಹಲಗೆಯನ್ನು ನೀರಿಗೆ ಇಳಿಸುವ ಮೊದಲು ಒಂದು ಹಿಡಿ ಒಣಮರಳನ್ನು ಎತ್ತಿ ತೂರಿ ನೋಡುತ್ತೇವೆ. ಅದು ಕಡಲ ಕಡೆಗೆ ಹಾರಿದರೆ ಹಾಯಿಯನ್ನು ಸುತ್ತಿಟ್ಟು ಮಧ್ಯಾಹ್ನದವರೆಗೆ ಕಾಯುತ್ತೇವೆ.