ಬಚ್ಚಲೊಲೆಯ ದುರಸ್ತಿ, ಕಾಡಿನ ಉಳಿವು

(ನಲ್ಲೂರಿನ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಆಸುಪಾಸಿನಲ್ಲಿ ಅಡಿಕೆ ತೋಟಗಳಿವೆ. ಉಬ್ರಾಣಿಯ ಕಡೆಗೆ ಕಾಡಿದೆ. ಕಾಡಿನ ಅಳಿವು ಉಳಿವಿನ ಚರ್ಚೆ ದೊಡ್ಡ ದೊಡ್ಡ ಯೋಜನೆಗಳ ಸುತ್ತ ನಡೆಯುತ್ತದೆ. ಬೆಳಗಿನ ಜಾವ ಉರಿಯುವ ಬಚ್ಚಲೊಲೆಯ ಮೇಲೆ ಮಾತ್ರ ಯಾರ ದೃಷ್ಟಿಯೂ ಬೀಳುವುದಿಲ್ಲ.

ಲೆಕ್ಕ ಸರಳವಾಗಿದೆ. 50 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 2,000 ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣ ಕಟ್ಟಿಗೆ ಸುಮಾರು 4,000 ಕಿಲೋಕ್ಯಾಲೊರಿ ಕೊಡುತ್ತದೆ. ಅಂದರೆ ಶಾಖ ಪೋಲಾಗದಿದ್ದರೆ ಅರ್ಧ ಕಿಲೋ ಸಾಕು. ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ತಲುಪುವ ಒಲೆಗೆ 5 ಕಿಲೋ ಬೇಕು; ಮೂರರಲ್ಲಿ ಒಂದು ಪಾಲು ತಲುಪಿದರೆ ಒಂದೂವರೆ ಕಿಲೋ ಸಾಕು. ಈ ಅಂತರ ವರ್ಷಕ್ಕೆ ಒಂದು ಮನೆಗೆ 12 ಕ್ವಿಂಟಲ್ ಮೀರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮುಂದೆ ರೂಪಿಸಿದ ಒಲೆಯ ತತ್ತ್ವವೂ ಇದೇ. ಬೆಂಕಿ ಮುಚ್ಚಿದ ಗೂಡಿನಲ್ಲಿರಬೇಕು, ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು, ಪಾತ್ರೆ ಒಲೆಯೊಳಗೆ ಇಳಿದು ಕೂರಬೇಕು, ಹೊಗೆ ಕೊಳವೆಯಿಂದ ಹೊರಹೋಗಬೇಕು.

ಹಳೆಯ ಒಲೆಯನ್ನು ಕೆಡವದೆಯೇ ಇದರಲ್ಲಿ ಬಹುಪಾಲನ್ನು ಸಾಧಿಸಬಹುದು. ಹಂಡೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದು ಮಾತ್ರ ಇರುವಂತೆ ಜೇಡಿಮಣ್ಣು ಮೆತ್ತಬೇಕು. ಆಗ ಬಿಸಿಗಾಳಿ ಹಂಡೆಯ ಮೈಯನ್ನು ಸವರಿಯೇ ಮೇಲೇರುತ್ತದೆ. ಬಿರುಕುಗಳನ್ನು ಮುಚ್ಚಬೇಕು, ಒಲೆಯ ಬಾಯಿಗೆ ತಗಡಿನ ಬಾಗಿಲಿಡಬೇಕು, ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯಬೇಕು. ಒಲೆ ಹೊಗೆ ಕಕ್ಕುತ್ತಿದ್ದರೆ ಮೊದಲು ಕೊಳವೆಯ ಮಸಿಯನ್ನು ನೋಡಬೇಕು. ಹಂಡೆಯ ಬಾಯಿಗೆ ಮುಚ್ಚಳವಿರಲಿ. ಕೊಳವೆಬಾವಿಯ ಗಡಸು ನೀರಿನಿಂದ ಒಳಗೆ ಕಟ್ಟಿದ ಬಿಳಿಯ ಪೊರೆಯನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ ಉಜ್ಜಿ, ಆ ನೀರನ್ನು ಚೆಲ್ಲಬೇಕು.

ಅಡಿಕೆ ಸುಲಿದ ಮೇಲೆ ರಾಶಿ ಬೀಳುವ ಸಿಪ್ಪೆಯೂ ಉರುವಲೇ. ಆದರೆ ಹಸಿ ಸಿಪ್ಪೆಯ ಶಾಖವೆಲ್ಲ ಅದರದೇ ನೀರನ್ನು ಆವಿ ಮಾಡುವುದರಲ್ಲಿ ಕಳೆದುಹೋಗಿ ಹೊಗೆಯಷ್ಟೇ ಉಳಿಯುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮಳೆ ತಾಗದ ಕಡೆ ಕೂಡಿಟ್ಟರೆ ಅದೇ ಕಟ್ಟಿಗೆಯ ಜಾಗ ತುಂಬುತ್ತದೆ.

ಸೌರ ಹೀಟರಿನ ನೀರು ಕಾಯದಿದ್ದರೆ ಕೂಡಲೇ ಯಂತ್ರವನ್ನು ದೂರಬೇಕಾಗಿಲ್ಲ. ಗಾಜಿನ ಮೇಲೆ ಧೂಳು ಕೂತಿದೆಯೇ, ಬೆಳೆದ ತೆಂಗಿನ ನೆರಳು ಬೀಳುತ್ತಿದೆಯೇ, ಬಿಸಿನೀರಿನ ಕೊಳವೆಯ ಹೊದಿಕೆ ಹರಿದಿದೆಯೇ, ಗಾಳಿ ಹೋಗುವ ಕೊಳವೆ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಗಾಜನ್ನು ಬಿಸಿಲೇರುವ ಮೊದಲೇ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಅದು ಸೀಳಬಹುದು. ನಲ್ಲಿಯಿಂದ ಮೊದಲು ಬರುವ ತಣ್ಣೀರು ಬಕೆಟ್ಟಿಗೆ ಸೇರಲಿ, ಮೋರಿಗಲ್ಲ.

ಮನೆಯವರೇ ಕೈಹಾಕಬಾರದ ಕೆಲಸಗಳೂ ಇವೆ. ವಿದ್ಯುತ್ ಕಾಯಿಲ್ ಹಾಕಿದ ನೀರನ್ನು ಪ್ಲಗ್ ಕಿತ್ತ ಮೇಲೆಯೇ ಮುಟ್ಟಬೇಕು. ನಲ್ಲಿ ಹಿಡಿದಾಗ ಕೈ ಜುಮ್ಮೆಂದರೆ ಗೀಸರ್ ಆರಿಸಿ ಬಲ್ಲವರನ್ನು ಕರೆಸಬೇಕು. ಗೀಸರಿನ ಒತ್ತಡ ಬಿಡುಗಡೆಯ ಕವಾಟವು ತೊಟ್ಟಿಕ್ಕುತ್ತದೆಂದು ಅದನ್ನು ಬಿಗಿದು ಮುಚ್ಚಬಾರದು. ಕಿಟಕಿಯಿಲ್ಲದ ಬಚ್ಚಲಲ್ಲಿ ಕೆಂಡವಾಗಲಿ ಗ್ಯಾಸ್ ಗೀಸರಾಗಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಕುಸಿಯುತ್ತಾರೆ. ಮೇಲಿನ ಗವಾಕ್ಷಿಯನ್ನು ಚಳಿಯೆಂದು ಮುಚ್ಚುವುದು ಪ್ರಾಣಕ್ಕೆ ಅಪಾಯ.

ಎಲ್ಲರಿಗಿಂತ ಮೊದಲೆದ್ದು ಒಲೆ ಊದುವವಳು ಮನೆಯ ಹೆಣ್ಣುಮಗಳು. ಕಟ್ಟಿಗೆಯ ಹೊರೆಯೂ ಹೊಗೆಯ ಕೆಮ್ಮೂ ಅವಳ ಪಾಲಿಗೇ ಬರುತ್ತವೆ. ಹೀಗಾಗಿ ಒಂದು ಬುಟ್ಟಿ ಜೇಡಿಮಣ್ಣು, ಒಂದು ತಗಡು, ಒಂದು ಭಾನುವಾರದ ದುಡಿಮೆ ಕಾಡಿಗೂ ಅವಳಿಗೂ ಒಟ್ಟಿಗೇ ಸಲ್ಲುವ ಸೇವೆ. ಆ ಭಾನುವಾರ ಮನೆಯ ಗಂಡಸರೂ ಕೈ ಕೆಸರು ಮಾಡಿಕೊಳ್ಳಲಿ.