ಸರಕುಪಟ್ಟಿಯಿಂದ ಸಮುದ್ರತಳದವರೆಗೆ



1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದಾಗ ಆ ದೇಶದ ಯು-234 ಜಲಾಂತರ್ಗಾಮಿ ಜಪಾನಿನತ್ತ ಹೊರಟು ಅಟ್ಲಾಂಟಿಕ್‌ನಲ್ಲಿತ್ತು. ಅದರ ಕ್ಯಾಪ್ಟನ್ ಫೆಹ್ಲರ್ ಅಮೆರಿಕದ ನೌಕಾಪಡೆಗೆ ಶರಣಾಗಲು ತೀರ್ಮಾನಿಸಿದ. ಅದರಲ್ಲಿದ್ದ ಇಬ್ಬರು ಜಪಾನಿ ಅಧಿಕಾರಿಗಳು, ಟೊಮೊನಾಗ ಮತ್ತು ಶೋಜಿ, ಸೆರೆಯಾಗಲೊಲ್ಲದೆ ನಿದ್ರೆಯ ಔಷಧ ನುಂಗಿ ಪ್ರಾಣಬಿಟ್ಟರು. ಸರಕಿನಲ್ಲಿ ಬಿಡಿಭಾಗಗಳಾಗಿ ಕಳಚಿದ ಜೆಟ್ ವಿಮಾನವಿತ್ತು, ರಾಶಿ ರಾಶಿ ತಾಂತ್ರಿಕ ನಕ್ಷೆಗಳಿದ್ದವು, 560 ಕಿಲೊ ಯುರೇನಿಯಂ ಆಕ್ಸೈಡ್ ಇತ್ತು.

ಆ 560 ಕಿಲೊ ಸುತ್ತ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಹಿರೋಷಿಮಾದ ಮೇಲೆ ಬಿದ್ದದ್ದು ಜರ್ಮನಿಯ ಯುರೇನಿಯಮ್ಮೇ ಎಂದು ಬರೆದವರೂ ಇದ್ದಾರೆ. ಸರಳ ಲೆಕ್ಕವೊಂದು ಇಲ್ಲಿ ನೆರವಿಗೆ ಬರುತ್ತದೆ. ಅದು ನೈಸರ್ಗಿಕ ಯುರೇನಿಯಂ ಆಗಿದ್ದರೆ, ಬಾಂಬಿಗೆ ಬೇಕಾದ ಯು-235 ಐಸೊಟೋಪ್ ಅದರಲ್ಲಿ ಸುಮಾರು ಮೂರೂವರೆ ಕಿಲೊ ಮಾತ್ರ. ಹಿರೋಷಿಮಾದ ಬಾಂಬಿನಲ್ಲಿದ್ದ ಸಂವರ್ಧಿತ ಯುರೇನಿಯಂ ಸುಮಾರು 64 ಕಿಲೊ. ಸರಕುಪಟ್ಟಿಯಲ್ಲಿ ಒಂದು ಪದ ಕಂಡೊಡನೆ ಕಥೆ ಕಟ್ಟುವವರು ಈ ಗುಣಾಕಾರವನ್ನೂ ಮಾಡಬೇಕಿತ್ತು.

ಶೋಧನೆ ಹೇಗೆ ನಡೆಯಬೇಕು ಎಂಬುದಕ್ಕೆ ಜಪಾನಿನ ಜಲಾಂತರ್ಗಾಮಿ ಐ-52 ಒಳ್ಳೆಯ ಪಾಠ. 1944ರ ಜೂನ್‌ನಲ್ಲಿ ಅಟ್ಲಾಂಟಿಕ್‌ನಲ್ಲಿ ಅದು ಜರ್ಮನಿಯ ಯು-530 ಅನ್ನು ಸಂಧಿಸಿತು. ಸಂಕೇತ ಸಂದೇಶಗಳನ್ನು ಬಿಡಿಸಿ ಓದಿದ್ದ ಅಮೆರಿಕನ್ನರಿಗೆ ಈ ಭೇಟಿಯ ಸುಳಿವು ಮೊದಲೇ ಸಿಕ್ಕಿತ್ತು. ಬೋಗ್ ಎಂಬ ವಿಮಾನವಾಹಕ ನೌಕೆಯಿಂದ ಹಾರಿದ ಅವೆಂಜರ್ ವಿಮಾನಗಳು ಐ-52 ಅನ್ನು ಮುಳುಗಿಸಿದವು. ಅದರೊಳಗೆ ತವರ, ಟಂಗ್‌ಸ್ಟನ್, ರಬ್ಬರ್, ಕ್ವಿನೈನ್, ಅಫೀಮು, ಜೊತೆಗೆ ಸುಮಾರು 2 ಟನ್ ಚಿನ್ನವಿತ್ತು.

ಅರ್ಧ ಶತಮಾನದ ನಂತರ ಮುಳುಗಿದ ನೌಕೆಗಳ ಶೋಧಕ ಪಾಲ್ ಟಿಡ್ವೆಲ್ ಅದನ್ನು ಹುಡುಕಲು ಹೊರಟದ್ದು ಕಡಲಿನಿಂದಲ್ಲ, ಗೋಪ್ಯತೆ ತೆರವಾದ ಕಡತಗಳಿಂದ. ಅಮೆರಿಕನ್ನರು ಬರೆದಿಟ್ಟ ಮುಳುಗಿದ ಜಾಗ ಒಂದಾದರೆ ಜರ್ಮನ್ ದಾಖಲೆಯದು ಇನ್ನೊಂದು. ಆಗಿನ ನೌಕೆಗಳ ಪಯಣದ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕಹಾಕಿ ಹುಡುಕುವ ವಲಯವನ್ನು ಕಿರಿದುಗೊಳಿಸಲಾಯಿತು. ದಾಳಿಯ ಹೊತ್ತಿನಲ್ಲಿ ಸೋನೊಬಾಯ್‌ಗಳು, ಅಂದರೆ ಸದ್ದು ಆಲಿಸುವ ತೇಲುಸಾಧನಗಳು, ಹಿಡಿದ ನೀರಿನಾಳದ ಸದ್ದಿನ ಧ್ವನಿಮುದ್ರಣವೂ ಉಳಿದಿತ್ತು. 1995ರಲ್ಲಿ, 5 ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ, ಐ-52 ಸಿಕ್ಕಿತು. ಬಳಿಕ ಮೇಲೆ ತಂದ ಪೆಟ್ಟಿಗೆಯಲ್ಲಿ ಇದ್ದದ್ದು ಅಫೀಮು. ಚಿನ್ನ ಸಿಗಲಿಲ್ಲ. ಆದರೂ ಇದು ಸೋತ ಸಾಹಸವಲ್ಲ. ಕಾಗದ, ಸದ್ದು, ಸಮುದ್ರತಳ ಮೂರನ್ನೂ ಒಂದರೊಡನೊಂದು ಒರೆಗೆ ಹಚ್ಚಿದ ವಿಧಾನವೇ ಅದರ ದೊಡ್ಡ ಗಳಿಕೆ.

ಜರ್ಮನಿ ಮತ್ತು ಜಪಾನಿನ ನಡುವೆ ಜಲಾಂತರ್ಗಾಮಿಗಳು ಗುಟ್ಟಾಗಿ ಸಾಗುತ್ತಿದ್ದ ಈ ಕಳ್ಳದಾರಿಯ ನಂಟು ಭಾರತಕ್ಕೂ ಇದೆ. 1943ರ ಏಪ್ರಿಲ್‌ನಲ್ಲಿ ಮಡಗಾಸ್ಕರ್ ಬಳಿಯ ಕಡಲಿನಲ್ಲಿ ಸುಭಾಷ್‌ಚಂದ್ರ ಬೋಸರು ತಮ್ಮ ಸಹಚರ ಅಬಿದ್ ಹಸನ್ ಜೊತೆ ಜರ್ಮನಿಯ ಯು-180ರಿಂದ ಜಪಾನಿನ ಐ-29ಕ್ಕೆ ದಾಟಿದರು. ಅದೇ ಭೇಟಿಯಲ್ಲಿ ಐ-29ರಿಂದ ಯು-180ಕ್ಕೆ ದಾಟಿದ್ದು ಸುಮಾರು 2 ಟನ್ ಚಿನ್ನ. ನೇತಾಜಿಯವರ ಪಯಣ ಮನೆಮಾತಾಗಿದೆ. ಎದುರು ದಿಕ್ಕಿಗೆ ಸಾಗಿದ ಚಿನ್ನದ ಬಗ್ಗೆ ನಮ್ಮ ವಿದ್ವಾಂಸರು ಇನ್ನೂ ಬರೆಯಬೇಕಾದದ್ದು ಬಹಳವಿದೆ.

ಚಿನ್ನಕ್ಕೆ ಹುಡುಕುವವರು ತಾವಾಗಿಯೇ ಬರುತ್ತಾರೆ, ವಿಷಕ್ಕೆ ಬರುವುದಿಲ್ಲ. 1945ರ ಫೆಬ್ರುವರಿ 9ರಂದು ನಾರ್ವೆಯ ಫೆಡ್ಯೆ ದ್ವೀಪದ ಹತ್ತಿರ ಬ್ರಿಟನ್ನಿನ ವೆಂಚುರರ್ ಜಲಾಂತರ್ಗಾಮಿ ಜರ್ಮನಿಯ ಯು-864ರ ಮೇಲೆ ನಾಲ್ಕು ಟಾರ್ಪಿಡೊ ಬಿಟ್ಟಿತು. ಎರಡು ಜಲಾಂತರ್ಗಾಮಿಗಳೂ ಆಗ ನೀರೊಳಗಿದ್ದವು. ಒಂದು ಟಾರ್ಪಿಡೊ ತಗುಲಿ, ಯು-864ರಲ್ಲಿದ್ದ 73 ಮಂದಿಯೂ ಸತ್ತರು. ಅದು ಜಪಾನಿಗೆ ಒಯ್ಯುತ್ತಿದ್ದದ್ದು 1,857 ಉಕ್ಕಿನ ಸೀಸೆಗಳಲ್ಲಿ ತುಂಬಿದ ಸುಮಾರು 67 ಟನ್ ಪಾದರಸ. ಅವಶೇಷ 2003ರಲ್ಲಿ ಪತ್ತೆಯಾಯಿತು, ಸುಮಾರು 150 ಮೀಟರ್ ಆಳದಲ್ಲಿ. ತುಕ್ಕು ಹಿಡಿದ ಸೀಸೆಗಳಿಂದ ಪಾದರಸ ಸೋರಿ ಸುತ್ತಲಿನ ಹೂಳಿಗೆ ಸೇರಿದೆ. ಅಲ್ಲಿಯ ಮೀನು ತಿನ್ನಬೇಡಿರೆಂದು ಗರ್ಭಿಣಿಯರಿಗೂ ಎದೆಹಾಲುಣಿಸುವ ತಾಯಂದಿರಿಗೂ ಹೇಳಬೇಕಾಗಿ ಬಂತು. ಆ ಅವಶೇಷವನ್ನು ಮೇಲೆತ್ತಬೇಕೆ, ಇದ್ದಲ್ಲೇ ಮುಚ್ಚಬೇಕೆ ಎಂಬ ವಾದ ನಾರ್ವೆಯಲ್ಲಿ ವರ್ಷಗಟ್ಟಲೆ ನಡೆದಿದೆ. ರಹಸ್ಯ ಸರಕಿನ ಅಧ್ಯಯನ ನಿಧಿಬೇಟೆಯಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಆದ್ದರಿಂದ ಈ ವಿಷಯದ ಮೇಲೆ ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ಯಾವುದೇ ಸರಕಿನ ಮಾತು ಬಂದಾಗ ಅದು ಬಂದರಿನ ಪಟ್ಟಿಯದೇ, ಬಿಡಿಸಿದ ಸಂಕೇತದ್ದೇ, ಬದುಕುಳಿದವರ ಹೇಳಿಕೆಯದೇ, ನೀರಿನಿಂದ ಎತ್ತಿದ ವಸ್ತುವಿನದೇ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಆ ಸರಕು ಈಗ ಎಲ್ಲಿದೆ, ಅದರ ಹತ್ತಿರ ಯಾರು ಮೀನು ಹಿಡಿದು ಬದುಕುತ್ತಿದ್ದಾರೆ ಎಂಬುದನ್ನೂ ತಪ್ಪದೆ ಕೇಳಿ.